ವಿದೇಶಿ ಪಾಸ್‌ಪೋರ್ಟ್ ಇದ್ದವರು ಮುಂಬೈಯಲ್ಲಿ ಫ್ಲ್ಯಾಟ್ ಕೊಳ್ಳುವುದು ಹೇಗೆ?

ಮುಲುಂಡ್, ಡೊಂಬಿವಲಿ, ಬೊರಿವಲಿಯ ಎಷ್ಟೋ ಕನ್ನಡದ ಮನೆಗಳ ಮಕ್ಕಳು ಈಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಪೌರರು. ಅಪ್ಪ ಅಮ್ಮನ ಹತ್ತಿರದಲ್ಲೇ ಒಂದು ಫ್ಲ್ಯಾಟ್ ಇರಲಿ ಎಂದು ಅವರಿಗೂ ಆಸೆ. ಕೊಳ್ಳಬಹುದಾ? ಕೊಳ್ಳಬಹುದು. ಆದರೆ ಟೋಕನ್ ಕೊಟ್ಟುಬಿಡೋಣ, ಕಾನೂನು ಆಮೇಲೆ ನೋಡೋಣ ಅನ್ನಬೇಡಿ. ಕೊಳ್ಳುವವರು ಕಾನೂನಿನ ಲೆಕ್ಕದಲ್ಲಿ ಯಾರು, ದುಡ್ಡು ಯಾವ ದಾರಿಯಲ್ಲಿ ಬರುತ್ತದೆ, ಇವೆರಡು ಮೊದಲು ಗಟ್ಟಿಯಾಗಬೇಕು.

ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇದ್ದರೆ ಕೆಲಸ ಸುಲಭ. ವಿದೇಶಿ ವಿನಿಮಯದ ಫೆಮಾ ಕಾನೂನಿನಡಿ 2019ರಲ್ಲಿ ಬಂದ ನಿಯಮಗಳ ಪ್ರಕಾರ, ಎನ್‌ಆರ್‌ಐ (ಹೊರದೇಶದಲ್ಲಿರುವ ಭಾರತೀಯ ಪೌರರು) ಮತ್ತು ಓಸಿಐಗಳು ಮನೆ, ಅಂಗಡಿ, ಆಫೀಸು ಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಹೊಲ, ತೋಟ, ಫಾರ್ಮ್‌ಹೌಸ್ ಮಾತ್ರ ಕೊಳ್ಳುವಂತಿಲ್ಲ. ಕರ್ಜತ್, ಅಲಿಬಾಗ್ ಕಡೆ ಯಾರಾದರೂ ‘ಎನ್‌ಎ ಪ್ಲಾಟ್’ (ಕೃಷಿಯೇತರ ಜಾಗ) ಎಂದು ತೋರಿಸಿದರೆ, ಪಹಣಿಯಂಥ ಸಾತ್ ಬಾರಾ ಪತ್ರ ಮತ್ತು ಎನ್‌ಎ ಆದೇಶವನ್ನು ವಕೀಲರು ನೋಡುವವರೆಗೆ ಒಂದು ರೂಪಾಯಿಯೂ ಕೊಡಬೇಡಿ.

ಮಗಳು ಓಸಿಐ, ಅಳಿಯ ಬೇರೆ ದೇಶದ ಮೂಲದವರು ಅಂತಿಟ್ಟುಕೊಳ್ಳಿ. ಅಳಿಯನ ಹೆಸರೂ ಸೇರಿಸಬಹುದು, ಆದರೆ ಜಂಟಿಯಾಗಿ ಒಂದೇ ಒಂದು ಆಸ್ತಿಗೆ. ಮದುವೆ ರಿಜಿಸ್ಟರ್ ಆಗಿರಬೇಕು, ಕನಿಷ್ಠ 2 ವರ್ಷ ಕಳೆದಿರಬೇಕು. ಭಾರತದ ಮೂಲವೇ ಇಲ್ಲದ, ಹೊರಗೇ ಇರುವ ವಿದೇಶಿಯರು ಕೊಳ್ಳುವಂತಿಲ್ಲ, 5 ವರ್ಷ ಮೀರದ ಲೀಸ್‌ಗೆ ಪಡೆಯಬಹುದು ಅಷ್ಟೇ. ಇಲ್ಲಿಗೆ ಕೆಲಸಕ್ಕೋ ವ್ಯಾಪಾರಕ್ಕೋ ಬಂದು, ಹಿಂದಿನ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಜಾಸ್ತಿ ಇದ್ದವರು ಕೊಳ್ಳಬಹುದು. ಟೂರಿಸ್ಟ್ ವೀಸಾದ ಮೇಲೆ ಎಷ್ಟು ದಿನ ಇದ್ದರೂ ಆಗುವುದಿಲ್ಲ. ಚೀನಾ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದಂಥ ಕೆಲವು ದೇಶಗಳ ಪೌರರಿಗೆ ರಿಸರ್ವ್ ಬ್ಯಾಂಕ್ ಅನುಮತಿ ಬೇಕೇ ಬೇಕು.

ದುಡ್ಡಿನ ದಾರಿ

ಹೆಚ್ಚಿನ ತಕರಾರು ಹುಟ್ಟುವುದು ಇಲ್ಲೇ. ಹಣ ಹೊರದೇಶದಿಂದ ಬ್ಯಾಂಕ್ ಮೂಲಕ ಬರಬೇಕು, ಇಲ್ಲವೇ ಇಲ್ಲಿನ ಎನ್‌ಆರ್‌ಇ (ಹೊರಗಿನ ಗಳಿಕೆಯನ್ನು ರೂಪಾಯಿಯಲ್ಲಿಡುವ), ಎಫ್‌ಸಿಎನ್‌ಆರ್ (ವಿದೇಶಿ ಹಣದಲ್ಲೇ ಠೇವಣಿ ಇಡುವ) ಅಥವಾ ಎನ್‌ಆರ್‌ಒ (ಭಾರತದ ಆದಾಯ ಇಡುವ) ಖಾತೆಯಿಂದ ಹೋಗಬೇಕು. ರಜೆಗೆ ಬಂದಾಗ ತಂದ ಡಾಲರ್ ನೋಟು ನಡೆಯುವುದಿಲ್ಲ. ನಾಳೆ ಮನೆ ಮಾರಿದಾಗ, ಹೊರಗಿನಿಂದ ತಂದ ಅಥವಾ ಎನ್‌ಆರ್‌ಇ ಖಾತೆಯಿಂದ ಕೊಟ್ಟಷ್ಟು ಹಣವನ್ನು ಸಲೀಸಾಗಿ ವಾಪಸ್ ಒಯ್ಯಬಹುದು, ಅದೂ 2 ಮನೆಗಳವರೆಗೆ ಮಾತ್ರ. ಉಳಿದದ್ದು ಎನ್‌ಆರ್‌ಒ ಖಾತೆಗೆ ಬೀಳುತ್ತದೆ, ಅಲ್ಲಿಂದ ತೆರಿಗೆ ಕಟ್ಟಿ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೊಳಗೆ ಕಳಿಸಬೇಕು. ಹಾಗಾಗಿ ಹಣ ಬಂದ ಪ್ರತಿ ಸಲವೂ ಬ್ಯಾಂಕಿನಿಂದ ಪತ್ರ ತೆಗೆದುಕೊಂಡು ಜೋಪಾನ ಮಾಡಿ.

“ಅಪ್ಪನ ಹೆಸರಲ್ಲೇ ಕೊಂಡರೆ ಆಯ್ತಲ್ಲ” ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ದುಡ್ಡು ಯಾರದ್ದೇ ಇರಲಿ, ಕಾಗದದಲ್ಲಿ ಯಜಮಾನರು ಅಪ್ಪನೇ. ಅವರು ಉಯಿಲು ಬರೆಯದೆ ಹೋದರೆ ಆ ಮನೆಯಲ್ಲಿ ಎಲ್ಲ ವಾರಸುದಾರರಿಗೂ ಪಾಲು ಬರುತ್ತದೆ, ಅಣ್ಣ ತಂಗಿಯರ ನಡುವೆ ಮನಸ್ತಾಪಕ್ಕೆ ಅಷ್ಟು ಸಾಕು ಅಲ್ವಾ.

ಮನೆಯ ಕಾಗದ

ಹೊಸ ಕಟ್ಟಡವಾದರೆ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿ ನೋಡಿ. ಅಗ್ರಿಮೆಂಟ್ ರಿಜಿಸ್ಟರ್ ಮಾಡದೆ ಬಿಲ್ಡರ್ ಬೆಲೆಯ 10%ಗಿಂತ ಜಾಸ್ತಿ ಕೇಳುವಂತಿಲ್ಲ, ಕೇಳಿದರೆ ಎದ್ದು ಬನ್ನಿ. ಹಳೆಯ ಫ್ಲ್ಯಾಟ್ ಆದರೆ ಶೇರ್ ಸರ್ಟಿಫಿಕೇಟ್ (ಹೌಸಿಂಗ್ ಸೊಸೈಟಿಯ ಸದಸ್ಯತ್ವದ ಪತ್ರ), ಹಿಂದಿನ ಅಗ್ರಿಮೆಂಟುಗಳ ಪೂರ್ತಿ ಸರಪಳಿ, ಕಟ್ಟಡದ ಆಕ್ಯುಪೇಷನ್ ಸರ್ಟಿಫಿಕೇಟ್ (ವಾಸಕ್ಕೆ ಅನುಮತಿ ಪತ್ರ), ಸೊಸೈಟಿಯ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ), ಇಷ್ಟೂ ಕೇಳಿ. ವಕೀಲರಿಂದ ಹಿಂದಿನ 30 ವರ್ಷದ ದಾಖಲೆ ಹುಡುಕಿ ನೋಡುವ ಸರ್ಚ್ ರಿಪೋರ್ಟ್ ಮಾಡಿಸಿ. ನವಿ ಮುಂಬೈಯಲ್ಲಿ ಜಾಗ ಸಿಡ್ಕೋ (ಅಲ್ಲಿನ ಸರ್ಕಾರಿ ಅಭಿವೃದ್ಧಿ ಸಂಸ್ಥೆ) ಲೀಸಿನದ್ದಾದರೆ ವರ್ಗಾವಣೆ ಶುಲ್ಕ ಯಾರು ಕಟ್ಟುತ್ತಾರೆ ಎಂದು ಮೊದಲೇ ಬರೆಸಿಕೊಳ್ಳಿ.

ಕೊಳ್ಳುವವರು ಬರಲಾಗದಿದ್ದರೆ ಪವರ್ ಆಫ್ ಅಟಾರ್ನಿ (ಅವರ ಪರವಾಗಿ ಇನ್ನೊಬ್ಬರು ಸಹಿ ಹಾಕುವ ಅಧಿಕಾರಪತ್ರ) ಬೇಕು. ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಮಾಡಿಸಬಹುದು, ಅಥವಾ ನೋಟರಿ ಮಾಡಿಸಿ ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲೂ ನಡೆಯಲು ಅಲ್ಲಿನ ಸರ್ಕಾರ ಹಾಕುವ ಮುದ್ರೆ) ಹಾಕಿಸಬಹುದು. ಕಾಗದ ಮಹಾರಾಷ್ಟ್ರಕ್ಕೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು, ಮರೆಯಬೇಡಿ. ಅದರಲ್ಲಿ ಈ ಒಂದು ಫ್ಲ್ಯಾಟಿನ ಕೆಲಸ ಮಾತ್ರ ಬರೆಸಿ. ಸ್ವಂತ ಅಣ್ಣನಿಗೇ ಕೊಡುವುದಾದರೂ ‘ಎಲ್ಲ ಅಧಿಕಾರ’ ಕೊಡಬೇಡಿ.

ಕೊನೆಗೆ ಸಬ್ ರಿಜಿಸ್ಟ್ರಾರ್ ಆಫೀಸು. ಮುಂಬೈಯಲ್ಲಿ ಸ್ಟ್ಯಾಂಪ್ ಡ್ಯೂಟಿ 6%, ಹೆಂಗಸರ ಹೆಸರಿಗಷ್ಟೇ ಮನೆ ಆದರೆ 5%. ರಿಜಿಸ್ಟ್ರೇಷನ್ ಶುಲ್ಕ 1%, ಹೆಚ್ಚೆಂದರೆ 30,000 ರೂಪಾಯಿ. ಪ್ಯಾನ್ ಕಾರ್ಡ್ ಇರಲೇಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮುಂಚಿತ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರೂ ಎನ್‌ಆರ್‌ಐ ಆಗಿದ್ದರೆ ಈ ಟಿಡಿಎಸ್ ಬಹಳ ಜಾಸ್ತಿ, ಹಿಡಿಯದೆ ಬಿಟ್ಟರೆ ಇಲಾಖೆ ಕೊಂಡವರನ್ನೇ ಕೇಳುತ್ತದೆ. ಆದ್ದರಿಂದ ದುಡ್ಡು ಕೊಡುವ ಮೊದಲೇ ಸಿಎ ಹತ್ತಿರ ಹೋಗಿ.

ರಿಜಿಸ್ಟ್ರೇಷನ್ ಆದಮೇಲೆ ಇಂಡೆಕ್ಸ್ ಟೂ (ರಿಜಿಸ್ಟ್ರೇಷನ್ನಿನ ಸಾರಾಂಶ ಪತ್ರ) ತೆಗೆದುಕೊಳ್ಳಿ. ಅದನ್ನು ಕೊಟ್ಟು ಸೊಸೈಟಿಯ ಶೇರ್ ಸರ್ಟಿಫಿಕೇಟ್, ಕರೆಂಟ್ ಬಿಲ್, ಮುನಿಸಿಪಾಲಿಟಿ ತೆರಿಗೆ, ಮೂರರಲ್ಲೂ ಹೆಸರು ಬದಲಿಸಿ. ಓಸಿಐ ಮಗ ಮಗಳು ಮರಳಿ ವಿಮಾನ ಹತ್ತುವ ಮೊದಲೇ ಸೊಸೈಟಿಯ ಅರ್ಜಿಗಳಿಗೆ ಸಹಿ ಹಾಕಿಸಿಬಿಡಿ.