ಕೈ ಬಿಗಿ ಮಾಡಿದವನು ಜಿಪುಣನಾದ: ನನ್ನ ಇಂಗ್ಲಿಷ್ ಪದಗಳ ಡಬ್ಬಿ

ದಾವಣಗೆರೆಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್. ಇಲ್ಲಿನ ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ, ಕ್ರಯಪತ್ರ, ಪಾಲುಪಟ್ಟಿ ಎಲ್ಲ ಕನ್ನಡದಲ್ಲೇ ಇರುತ್ತವೆ. ಕೇಸು ಅಪೀಲಿಗೆ ಬೆಂಗಳೂರಿನ ಹೈಕೋರ್ಟಿಗೆ ಹೋಯಿತು ಅಂದರೆ ಅವನ್ನೆಲ್ಲ ಇಂಗ್ಲಿಷಿಗೆ ಮಾಡಿ ಕೊಡಬೇಕು. ಆ ಕೆಲಸ ನನ್ನ ತಲೆಗೆ ಬಂತು. ನಾನೋ ಜಗಳೂರು ಕಡೆಯ ಹಳ್ಳಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಇಂಗ್ಲಿಷ್ ಅಕ್ಷರ ಕಂಡಿದ್ದೇ ಐದನೇ ಕ್ಲಾಸಿನಲ್ಲಿ.

ಹಾಗಂತ ಸುಮ್ಮನೆ ಕೂತಿರಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ದಿನಕ್ಕೆ ಹತ್ತು ಪದ ಬಾಯಿಪಾಠ. ಎರಡು ತಿಂಗಳಲ್ಲಿ ಆರುನೂರು ಪದ ಆಯಿತು ಅಂತ ಬೀಗುತ್ತಿದ್ದೆ.

ಆಗ ಬಂತು ಒಂದು ಜಮೀನಿನ ಕೇಸು. ಹೊಲ ಪಿತ್ರಾರ್ಜಿತ ಅಲ್ಲ, ತಂದೆಯ ಸ್ವಂತ ದುಡಿಮೆಯದು ಅಂತ ನಮ್ಮ ಕಕ್ಷಿದಾರರ ವಾದ. ಸಾಕ್ಷಿ ಹೇಳಿದ್ದು ಹೀಗೆ: "ಅವರಪ್ಪ ಕೈ ಬಿಗಿ ಮಾಡಿ, ದುಡ್ಡು ಕೂಡಿಸಿ ಆ ಹೊಲ ತಗೊಂಡ." ನನ್ನ ನೋಟ್‌ಬುಕ್ಕಿನಲ್ಲಿ 'ಮೈಸರ್ಲಿ' ಎದುರು 'ಜಿಪುಣ, ಕೈ ಬಿಗಿ' ಅಂತಿತ್ತು. ಅದನ್ನೇ ಟೈಪ್ ಮಾಡಿದೆ. ಸಾಹೇಬರು ಕನ್ನಡಕ ಕೆಳಗಿಳಿಸಿ, "ಏನಮ್ಮಾ, ನಮ್ಮ ಪಾರ್ಟಿ ಅಪ್ಪನ್ನ ಜಿಪುಣ ಅಂತ ಹೈಕೋರ್ಟಿಗೆ ಬರೆದು ಕಳಿಸ್ತೀಯಾ?" ಅಂದರು.

ಬೇಕಿದ್ದ ಪದ 'ಫ್ರೂಗಲ್'. ತಮಾಷೆ ಅಂದರೆ ಅದೂ ನನ್ನ ನೋಟ್‌ಬುಕ್ಕಿನಲ್ಲಿ ಇತ್ತು. ಎದುರಿಗೆ 'ಮಿತವ್ಯಯಿ' ಅಂತ ಬರೆದಿದ್ದೆ. ನನ್ನ ಜೀವಮಾನದಲ್ಲಿ ಒಮ್ಮೆಯೂ ಬಾಯಲ್ಲಿ ಆಡದ ಪದ ಅದು. ನಮ್ಮವ್ವ ಮನೆ ನಡೆಸಿದ್ದು ಹಾಗೇನೇ, ಆದರೆ ಅವಳನ್ನು ಯಾರೂ ಮಿತವ್ಯಯಿ ಅಂದಿರಲಿಲ್ಲ. ಗೊತ್ತಿಲ್ಲದ ಇಂಗ್ಲಿಷ್ ಪದವನ್ನು ಬಳಸದ ಕನ್ನಡ ಪದಕ್ಕೆ ಕಟ್ಟಿ ಹಾಕಿದ್ದೆ. ಎರಡೂ ಅಲ್ಲೇ ಮಲಗಿದ್ದವು.

ಅವತ್ತೇ ಆ ನೋಟ್‌ಬುಕ್ ಬಿಟ್ಟೆ. ಹಳೇ ಪುಸ್ತಕದ ಅಂಗಡಿಯಲ್ಲಿ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿ ಒಂದು ಸಿಕ್ಕಿತು. ಇಂಥ ಡಿಕ್ಷನರಿಗಳು ಬೇರೆಯೇ ಜಾತಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಎಂಬ ಮೇಷ್ಟ್ರು ತಮ್ಮ ಜೊತೆಯವರೊಂದಿಗೆ ಸೇರಿ ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಆಮೇಲೆ ಆಕ್ಸ್‌ಫರ್ಡ್‌ನವರು ಅದನ್ನು ತಂದರು. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿಯಲ್ಲಿ ಸುಮಾರು 2,000 ಸುಲಭ ಪದಗಳಲ್ಲೇ ಎಲ್ಲ ಪದಗಳ ಅರ್ಥ ಬಿಡಿಸಿದ್ದಾರೆ. 1987ರ ಕೋಬಿಲ್ಡ್ ಡಿಕ್ಷನರಿ ಇನ್ನೂ ಮುಂದೆ ಹೋಯಿತು. ಅಲ್ಲಿ ಅರ್ಥವೇ ಒಂದು ಪೂರ್ತಿ ವಾಕ್ಯ. 'ಒಬ್ಬರನ್ನು ಹೀಗೆ ಕರೆದರೆ ಅವರು ಹೀಗೆ ಮಾಡುವವರು' ಅನ್ನುವ ಧಾಟಿ. ಅವ್ವ ಅಡುಗೆಮನೆಯಲ್ಲಿ ಕೂತು ಹೇಳಿಕೊಟ್ಟ ಹಾಗೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಆಗ 'ಕಾಂಪ್ಲೇಸೆಂಟ್' ಕಣ್ಣು ತೆರೆಸಿತು. ಕನ್ನಡದಲ್ಲಿ 'ಆತ್ಮತೃಪ್ತ' ಅಂತ ಬರೆದುಕೊಂಡಿದ್ದೆ. ನಮಗೆ ಆತ್ಮತೃಪ್ತಿ ಅಂದರೆ ಒಳ್ಳೆಯದೇ ಅಲ್ವಾ? ಸನ್ಮಾನದ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದು ಬೈಗುಳ. ಎಚ್ಚರವಾಗಿರಬೇಕಾದ ಹೊತ್ತಲ್ಲಿ 'ಎಲ್ಲಾ ಸರಿಯಾಗೇ ಇದೆ' ಅಂತ ಆರಾಮಾಗಿ ಕೂರುವುದು. ನಾನು ಬರೆದ ಉದಾಹರಣೆ: ಒಂದು ಬೆಣ್ಣೆ ದೋಸೆ ಹೋಟೆಲ್ ಹೆಸರು ಮಾಡಿತು, ಜನ ಹೇಗಿದ್ದರೂ ಬರುತ್ತಾರೆ ಅಂತ ಕಾಂಪ್ಲೇಸೆಂಟ್ ಆಯಿತು, ದೋಸೆ ಮೇಲಿನ ಬೆಣ್ಣೆ ದಿನದಿನಕ್ಕೆ ಸಣ್ಣದಾಯಿತು. ಈ ಪದ ಮತ್ತೆ ಮರೆತಿಲ್ಲ.

ಡಿಕ್ಷನರಿಯ ಉದಾಹರಣೆ ಓದಿದರೆ ಸಾಲದೇ ಅಂತ ಕೇಳಬಹುದು. ನನಗೆ ಸಾಲಲಿಲ್ಲ. ಅಲ್ಲಿ ಲಂಡನ್ನಿನ ಮಳೆ, ಯಾರದೋ ಅತ್ತೆಯ ಬಂಗಲೆ. ಓದುವಾಗ ಚೆಂದ, ಬೆಳಗ್ಗೆ ಎದ್ದರೆ ಏನೂ ಇಲ್ಲ. ಆದರೆ ಅದನ್ನು ಬಿಡುವ ಹಾಗೂ ಇಲ್ಲ. ಪದ ಯಾರ ಜೊತೆ ಓಡಾಡುತ್ತದೆ ಅನ್ನೋದು ಅಲ್ಲೇ ತಿಳಿಯೋದು. 'ಮಿಟಿಗೇಟ್' ಅಂದರೆ ಕಡಿಮೆ ಮಾಡುವುದು ಅಂತಿತ್ತು. ಹಾಗಾದರೆ ಬೆಲೆಯನ್ನು ಮಿಟಿಗೇಟ್ ಮಾಡಬಹುದಾ? ಇಲ್ಲ. ನಾಲ್ಕೈದು ವಾಕ್ಯ ನೋಡಿದರೆ ಎಲ್ಲದರಲ್ಲೂ ನಷ್ಟ, ಅಪಾಯ, ಕೆಟ್ಟ ಪರಿಣಾಮ. ಅದು ಕೆಡುಕಿನ ಏಟನ್ನು ಮೆತ್ತಗೆ ಮಾಡುವ ಪದ. ಆಮೇಲೆ ನನ್ನ ವಾಕ್ಯ ಬರೆದೆ: ಭದ್ರಾ ನಾಲೆಗೆ ನೀರು ಬಿಟ್ಟಿದ್ದರಿಂದ ಬರದ ಪರಿಣಾಮ ಮಿಟಿಗೇಟ್ ಆಯಿತು. ಮೊದಲು ಅವರ ವಾಕ್ಯ, ಆಮೇಲೆ ಪುಸ್ತಕ ಮುಚ್ಚಿ ನಮ್ಮೂರಿನ ವಾಕ್ಯ. ಈ ಕ್ರಮ ಮಾತ್ರ ನಾನು ಯಾವತ್ತೂ ಬಿಟ್ಟಿಲ್ಲ.

ಕೆಲವು ಕಡೆ ನಮ್ಮ ಮಾತೇ ದಾರಿ ತೋರಿಸಿತು. 'ಆಬ್‌ಸ್ಟಿನೇಟ್', 'ಟೆನೇಷಿಯಸ್' ಎರಡೂ ಬಿಡದೆ ಹಿಡಿಯುವುದೇ. ಎಷ್ಟು ಓದಿದರೂ ಕಲಸಿ ಹೋಗುತ್ತಿದ್ದವು. ಒಂದು ದಿನ ಮಗ ಮೊಬೈಲ್ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. ಇದು ಹಠ. ಚಿತ್ರದುರ್ಗದ ಕೋಟೆ ಕಿಂಡಿ ಹತ್ತಿರ ಓಬವ್ವ ಒನಕೆ ಹಿಡಿದು ನಿಂತಳಲ್ಲ, ಅದು ಛಲ. ಮಗ ಆಬ್‌ಸ್ಟಿನೇಟ್, ಓಬವ್ವ ಟೆನೇಷಿಯಸ್. ಮುಗೀತು. ಅಂದರೆ ಕನ್ನಡವನ್ನು ಪೂರ್ತಿ ದೂರ ಇಡಬೇಕು ಅಂತ ನಾನು ಹೇಳುತ್ತಿಲ್ಲ. ಆಡುಮಾತಿನ ಕನ್ನಡ ಬರಲಿ, ಡಿಕ್ಷನರಿಯ ಕನ್ನಡ ಬೇಡ.

ಕೋರ್ಟಿನ ಇಂಗ್ಲಿಷಿನಲ್ಲಿ ಇನ್ನೊಂದು ಗುಂಡಿ ಇದೆ. ತೀರ್ಪುಗಳಲ್ಲಿ 'ಡಿಸ್‌ಇಂಟರೆಸ್ಟೆಡ್ ವಿಟ್ನೆಸ್' ಅಂತ ಬರುತ್ತದೆ. ಆಸಕ್ತಿ ಇಲ್ಲದ, ಆಕಳಿಸುತ್ತಾ ಕೂತ ಸಾಕ್ಷಿ ಅಂದುಕೊಂಡಿದ್ದೆ. ಅಲ್ಲ. ಕೇಸು ಯಾರು ಗೆದ್ದರೂ ತನಗೇನೂ ಲಾಭವಿಲ್ಲದ ಸಾಕ್ಷಿ. ಅವನ ಮಾತಿಗೇ ತೂಕ ಜಾಸ್ತಿ. ಆಕಳಿಸುವವನು 'ಅನ್‌ಇಂಟರೆಸ್ಟೆಡ್'.

ಪದದ ಬೇರು ಹಿಡಿದು ಕಲಿಯಿರಿ ಅಂತ ತುಂಬಾ ಜನ ಹೇಳುತ್ತಾರೆ. ಸ್ವಲ್ಪ ಅನುಕೂಲ ಹೌದು. ಆದರೆ ಪಿ.ಬಿ. ರಸ್ತೆಯಲ್ಲಿ ಹೋಗುವ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮೆಬಲ್' ಅಂತ ಬರೆದಿರುತ್ತದೆ ನೋಡಿ. 'ಇನ್' ಅಂದರೆ 'ಅಲ್ಲ', ಹಾಗಾಗಿ ಬೆಂಕಿ ಹತ್ತಲ್ಲ ಅಂತ ನಾನು ಬಹಳ ವರ್ಷ ನಂಬಿದ್ದೆ. ಬೇಗ ಹೊತ್ತಿಕೊಳ್ಳುತ್ತದೆ ಅನ್ನೋದೇ ಅದರ ಅರ್ಥ. ಬೇರನ್ನು ನಂಬಿ ಬೀಡಿ ಹಚ್ಚಿದರೆ ಗತಿ?

ಉಚ್ಚಾರಣೆ ಬಗ್ಗೆ ಒಂದೇ ಮಾತು. ಸೂಕ್ಷ್ಮ ಅನ್ನುವ ಅರ್ಥದ 'ಸಟಲ್' ಅನ್ನುವಾಗ ನಡುವಿನ 'ಬಿ' ಬಾಯಿಗೆ ಬರಬಾರದು. ಇಂಥವನ್ನು ಪದದ ಪಕ್ಕ ಕನ್ನಡದಲ್ಲೇ ಬರೆದಿಟ್ಟುಕೊಳ್ಳುತ್ತೇನೆ.

ಇನ್ನು ಮರೆವು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಹೊಸದರಲ್ಲೇ ಮರೆವು ಜೋರು, ಆಮೇಲೆ ನಿಧಾನ. 1972ರಲ್ಲಿ ಲೈಟ್ನರ್ ಎಂಬಾತ ಇದಕ್ಕೆ ಡಬ್ಬಿಯ ಉಪಾಯ ಬರೆದ. ಕಲಿಯಬೇಕಾದ್ದನ್ನು ಕಾರ್ಡುಗಳಲ್ಲಿ ಬರೆದು, ಖಾನೆಗಳಿರುವ ಡಬ್ಬಿಯಲ್ಲಿ ಇಡುವುದು. ಗೊತ್ತಿದ್ದ ಕಾರ್ಡು ಮುಂದಿನ ಖಾನೆಗೆ, ಗೊತ್ತಿಲ್ಲದ್ದು ವಾಪಸ್ ಮೊದಲನೆಯದಕ್ಕೆ. ಮೊಬೈಲಿನಲ್ಲಿ ಇದನ್ನೇ ಮಾಡುವ ಆ್ಯಪ್‌ಗಳಿವೆ. ನನಗೆ ಕೈಬರಹವೇ ಇಷ್ಟ. ಆಫೀಸಿಗೆ ರಾಶಿ ಲಗ್ನಪತ್ರಿಕೆ ಬರುತ್ತವೆ. ದಪ್ಪ ಕಾಗದ, ಹಿಂಬದಿ ಖಾಲಿ. ನಾಲ್ಕು ತುಂಡು ಮಾಡಿದರೆ ನಾಲ್ಕು ಕಾರ್ಡ್. ಸ್ವೀಟ್ ಬಾಕ್ಸಿಗೆ ರಟ್ಟಿನ ಅಡ್ಡಗೋಡೆ ಹಾಕಿ ಮೂರು ಖಾನೆ ಮಾಡಿದೆ. ಮೊದಲನೆಯದು ದಿನಾ, ಎರಡನೆಯದು ಭಾನುವಾರ, ಮೂರನೆಯದು ತಿಂಗಳ ಮೊದಲ ದಿನ.

ಕಾರ್ಡಿನ ಖಾಲಿ ಬದಿಗೆ ಪದ ಬರೆಯುವುದಿಲ್ಲ. ನನ್ನ ವಾಕ್ಯ ಬರೆದು ಪದದ ಜಾಗ ಖಾಲಿ ಬಿಡುತ್ತೇನೆ. ಪದ ಹಿಂದೆ, ವರನ ಹೆಸರಿನ ಪಕ್ಕದಲ್ಲಿ ಎಲ್ಲೋ ಇರುತ್ತದೆ. ಟೈಪ್ ಮಾಡುವಾಗ ಪದ ತಾನಾಗಿ ಎದುರಿಗೆ ಬರಲ್ಲ, ಸಂದರ್ಭ ಬರುತ್ತದೆ. ಅಲ್ಲಿಂದ ಪದ ಹುಡುಕಬೇಕು. ಅದಕ್ಕೇ ಈ ಉಲ್ಟಾ ಅಭ್ಯಾಸ. ದಿನಕ್ಕೆ ಹತ್ತು ಪದ ಬಿಟ್ಟು ಎರಡಕ್ಕೆ ಇಳಿದೆ. ಅಮಾವಾಸ್ಯೆ, ಹಬ್ಬ, ಜ್ವರ ಎಲ್ಲ ಕಳೆದು ಎರಡು ವರ್ಷಕ್ಕೆ ಸಾವಿರ ದಾಟಿದೆ. ಮೂರನೇ ಖಾನೆಯಲ್ಲಿರುವವು ಟೈಪ್ ಮಾಡುವಾಗ ಕೇಳದೇ ಬಂದು ಕೂರುತ್ತವೆ.

ಎಲ್ಲವೂ ಬರುತ್ತವೆ ಅಂತಲ್ಲ. 'ಪ್ರಿವ್ಯಾರಿಕೇಟ್' ಇವತ್ತು ಬೆಳಗ್ಗೆಯೂ ಮೊದಲ ಖಾನೆಗೆ ವಾಪಸ್ ಹೋಯಿತು. ಇದು ಒಂಬತ್ತನೇ ಸಲ. ಕೆಲಸ ಮುಂದೂಡುವ 'ಪ್ರೊಕ್ರಾಸ್ಟಿನೇಟ್' ಅಡ್ಡ ಬಂದು ನಿಲ್ಲುತ್ತದೆ. ಪ್ರಿವ್ಯಾರಿಕೇಟ್ ಅಂದರೆ ಹಾರಿಕೆ ಉತ್ತರ ಕೊಡುವುದು. ವಾಕ್ಯವನ್ನು ಬದಲಾಯಿಸಿದ್ದೇನೆ. ಪಾಟಿ ಸವಾಲಿನಲ್ಲಿ ವಕೀಲರು, "ಜಗಳ ನೀವು ಕಣ್ಣಾರೆ ನೋಡಿದ್ರಾ, ಇಲ್ವಾ?" ಅಂತ ಕೇಳುತ್ತಾರೆ. ಸಾಕ್ಷಿ ಟವೆಲ್ ಸರಿ ಮಾಡಿಕೊಂಡು, "ಅವತ್ತು ಸಂತೆ ಇತ್ತು ಸಾರ್" ಅನ್ನುತ್ತಾನೆ.