ಸಿಎನ್‌ಸಿ ಹೋಮಿಂಗ್: ಮೋಟರ್ ಓಡಿಸುವ ಮೊದಲು ಸ್ವಿಚ್ ಒತ್ತಿ ನೋಡಿ

ಹೋಮಿಂಗ್ ಎಂದರೆ ಯಂತ್ರ ತಾನೇ ತುದಿಯ ಸ್ವಿಚ್ ಹುಡುಕಿ ತನ್ನ ಸ್ಥಾನ ತಿಳಿದುಕೊಳ್ಳುವುದು. ಆರ್ಡುಯಿನೊ ಯುನೊ ಬೋರ್ಡಿನ ಮೇಲೆ ಜಿಆರ್‌ಬಿಎಲ್ 1.1 (ಮೋಟರ್‌ಗಳನ್ನು ನಡೆಸುವ ತಂತ್ರಾಂಶ) ಹಾಕಿ ಓಡಿಸುವ ಸಣ್ಣ ಸಿಎನ್‌ಸಿ ರೂಟರ್‌ಗೆ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಅಕ್ಷಕ್ಕೊಂದು ಮೈಕ್ರೊಸ್ವಿಚ್ ಸಾಕು. ಒಂದು ತುದಿಯನ್ನು ಸ್ವಿಚ್ ಕಾಯುತ್ತದೆ, ಇನ್ನೊಂದನ್ನು ಸಾಫ್ಟ್ ಲಿಮಿಟ್ (ತಂತ್ರಾಂಶವೇ ಲೆಕ್ಕದಲ್ಲಿಡುವ ಗಡಿ) ನೋಡಿಕೊಳ್ಳುತ್ತದೆ.

ಸ್ವಿಚ್ಚಿನ ಕಾಮನ್ ಕಾಲನ್ನು ಗ್ರೌಂಡ್‌ಗೆ, ಎನ್‌ಸಿ ಕಾಲನ್ನು (ಸ್ವಿಚ್ ಒತ್ತದಿದ್ದಾಗ ಕಾಮನ್‌ಗೆ ಕೂಡಿರುವುದು) ಬೋರ್ಡಿನ ಪಿನ್‌ಗೆ ಕೊಡಿ: ಎಕ್ಸ್‌ಗೆ 9, ವೈಗೆ 10, ಜೆಡ್‌ಗೆ 12. ಎನ್‌ಓ ಕಾಲು (ಒತ್ತಿದಾಗ ಮಾತ್ರ ಕೂಡುವುದು) ಬೇಡ. ಅದರಲ್ಲಿ ವೈರ್ ತುಂಡಾದರೂ ಗೊತ್ತಾಗುವುದಿಲ್ಲ. ಸಿಎನ್‌ಸಿ ಶೀಲ್ಡ್ ವಿ3 (ಯುನೊ ಮೇಲೆ ಕೂರುವ ಬೋರ್ಡ್) ಬಳಸುವವರು ಎಡವುವುದು ಜೆಡ್‌ನಲ್ಲಿ. ಅದರ ಮೇಲೆ ಜೆಡ್ ಎಂದು ಬರೆದಿರುವ ಲಿಮಿಟ್ ಪಿನ್ 11ಕ್ಕೆ ಹೋಗುತ್ತದೆ, 1.1ರಲ್ಲಿ ಅದು ಸ್ಪಿಂಡಲ್ ವೇಗದ್ದು. ಜೆಡ್ ವೈರನ್ನು ಸ್ಪಿಂಡಲ್ ಎನೇಬಲ್ ಪಿನ್‌ಗೆ ಹಾಕಿ.

ಇನ್ನು ಮುಂದಿನ $ ಸೆಟ್ಟಿಂಗ್‌ಗಳನ್ನು ಕಂಪ್ಯೂಟರಿನಿಂದ ಜಿಆರ್‌ಬಿಎಲ್‌ಗೆ ಕಳಿಸಬೇಕು. ಎನ್‌ಸಿ ಆದ್ದರಿಂದ $5=1 (ಸ್ವಿಚ್ಚಿನ ಸಂಕೇತ ತಿರುಗಿಸುವುದು) ಕೊಟ್ಟು, ಸ್ಥಿತಿ ಕೇಳುವ ? ಒತ್ತಿ. ಯಾವ ಸ್ವಿಚ್ಚೂ ಒತ್ತಿರದಾಗ ಉತ್ತರದಲ್ಲಿ 'ಪಿಎನ್' ಇರಬಾರದು. ಬೆರಳಲ್ಲಿ ಒತ್ತಿ ಹಿಡಿದು ಕೇಳಿದರೆ ಆ ಅಕ್ಷದ ಅಕ್ಷರ ಬರಬೇಕು. ಸ್ವಿಚ್ ಹಾಕದೆ ಖಾಲಿ ಬಿಟ್ಟ ಪಿನ್ ಸದಾ ಒತ್ತಿದಂತೆಯೇ ತೋರುತ್ತದೆ. ಇಷ್ಟು ಸರಿಯಾಗದೆ ಮುಂದಕ್ಕೆ ಹೋಗಲೇಬೇಡಿ.

ಈಗ $22=1 ಕೊಟ್ಟು ಹೋಮಿಂಗ್ ಆನ್ ಮಾಡಿ. ಎಕ್ಸ್, ವೈ ಸ್ವಿಚ್‌ಗಳು ಎಡ-ಮುಂದಿನ ಮೂಲೆಯಲ್ಲಿದ್ದರೆ ಹುಡುಕುವ ದಿಕ್ಕು $23=3. ಹುಡುಕುವ ವೇಗ $25=500, ನಿಧಾನದ ವೇಗ $24=25, ಹಿಂದೆ ಸರಿಯುವ ದೂರ $27=1 ಮಿ.ಮೀ. ಗಾಡಿಯನ್ನು ನಡುವೆ ನಿಲ್ಲಿಸಿ, ಒಂದು ಕೈ ಎಮರ್ಜೆನ್ಸಿ ಬಟನ್ ಮೇಲಿಟ್ಟು, ಹೋಮಿಂಗ್ ಶುರು ಮಾಡುವ $ಎಚ್ ಕೊಡಿ. ಮೊದಲು ಜೆಡ್ ಮೇಲೇರುತ್ತದೆ, ಆಮೇಲೆ ಎಕ್ಸ್, ವೈ ಒಟ್ಟಿಗೆ ಹೊರಡುತ್ತವೆ. ಸ್ವಿಚ್ಚಿಗೆ ಬೆನ್ನು ಹಾಕಿ ಹೊರಟರೆ ಕೂಡಲೇ ನಿಲ್ಲಿಸಿ, $23 ಬದಲಿಸಿ.

ಅಲಾರಂ 8 ಬಂದರೆ, ಹಿಂದೆ ಸರಿದರೂ ಸ್ವಿಚ್ ಬಿಟ್ಟಿಲ್ಲ ಎಂದರ್ಥ. $27 ಅನ್ನು 2 ಅಥವಾ 3ಕ್ಕೆ ಏರಿಸಿ. ಅಲಾರಂ 9 ಎಂದರೆ ಸ್ವಿಚ್ ಸಿಕ್ಕೇ ಇಲ್ಲ. ಹುಡುಕಾಟ $130–$132ರ (ಮೂರು ಅಕ್ಷಗಳ ಗರಿಷ್ಠ ಚಲನೆ, ಮಿ.ಮೀ.ನಲ್ಲಿ) ಒಂದೂವರೆ ಪಟ್ಟು ದೂರಕ್ಕೆ ನಿಲ್ಲುತ್ತದೆ, ಅಲ್ಲಿ ನಿಜವಾದ ಚಲನೆಯ ಅಳತೆಯೇ ಇರಲಿ. ಎಕ್ಸ್‌ಗೆ 300 ಕೊಟ್ಟಿದ್ದರೆ ಎಡಗಡೆ ಹೋಮ್ ಆದ ಮೇಲೆ -299 (ಎಡತುದಿ -300, ಅಲ್ಲಿಂದ $27ರ 1 ಮಿ.ಮೀ. ಸರಿದದ್ದು) ಕಾಣುತ್ತದೆ. ಅದು ದೋಷವಲ್ಲ, ಜಿಆರ್‌ಬಿಎಲ್ ಲೆಕ್ಕವೇ ಹಾಗೆ.

ಆಮೇಲೆ ಸಾಫ್ಟ್ ಲಿಮಿಟ್‌ಗೆ $20=1, ಕೊನೆಗೆ ಹಾರ್ಡ್ ಲಿಮಿಟ್‌ಗೆ (ಸ್ವಿಚ್ ತಾಗಿದರೆ ಅಲಾರಂ 1 ಕೊಟ್ಟು ಯಂತ್ರ ನಿಲ್ಲುವುದು) $21=1. ಸ್ಪಿಂಡಲ್ ಶುರುವಾದೊಡನೆ ಅಲಾರಂ 1 ಬಿದ್ದರೆ ಸ್ವಿಚ್ಚನ್ನು ಬೈಯಬೇಡಿ, ಅದು ವೈರ್ ಹಿಡಿದ ನಾಯ್ಸ್. ಬೋರ್ಡಿನ ಒಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟ್ ಕಡೆ ಎಳೆದಿಡುವ ರೆಸಿಸ್ಟರ್) ದುರ್ಬಲ. ಪಿನ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, 5 ವೋಲ್ಟ್‌ಗೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ. ಶೀಲ್ಡೆಡ್ ಕೇಬಲ್‌ನ ಜಾಲರಿಯನ್ನು ಬೋರ್ಡ್ ಕಡೆ ಮಾತ್ರ ಗ್ರೌಂಡ್ ಮಾಡಿ, ಮೋಟರ್ ವೈರ್ ಜೊತೆ ಕಟ್ಟಬೇಡಿ.

ನಿಜವಾಗಿಯೇ ಸ್ವಿಚ್ ತಾಗಿ ನಿಂತಿದ್ದರೆ ರೀಸೆಟ್ ಮಾಡಿ, $ಎಕ್ಸ್‌ನಿಂದ ಲಾಕ್ ತೆಗೆದು, ಗಾಡಿಯನ್ನು ಈಚೆ ಸರಿಸಿ ಮತ್ತೆ $ಎಚ್ ಕೊಡಿ. ಗಕ್ಕನೆ ನಿಂತಾಗ ಮೋಟರಿನ ಸ್ಟೆಪ್ ತಪ್ಪಿರಬಹುದು, ಹಳೆಯ ಸ್ಥಾನ ನಂಬಿ ಕೆಲಸ ಮುಂದುವರಿಸುವಂತಿಲ್ಲ.