ಟೆಕ್ಸಾಸಿಗೆ ಹೊಸದಾಗಿ ಬಂದಿರೋ ನಮ್ಮ ಕಡಿ ಮಂದಿಗೆ: ಫಾರ್ಮಿನಿಂದ ಮಟನ್ ತರೋದು ಹೆಂಗ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡಿಯಿಂದ ಇಲ್ಲಿಗೆ ಬಂದ ಹೊಸ ಸಂಸಾರದೋರು ಮೊದ್ಲ ಮನಿ ಬಾಡಗಿ ಕೇಳ್ತಾರ, ಆಮ್ಯಾಲ ಮಕ್ಕಳ ಸಾಲಿ, ಮೂರನೇದ್ದು "ಅಕ್ಕಾರ, ಚಲೋ ಮಟನ್ ಎಲ್ಲಿ ಸಿಗತೈತ್ರಿ?" ಅಂಗಡಿ ಫ್ರೋಜನ್ ಪ್ಯಾಕೆಟ್ ತಂದು ಎಷ್ಟು ಕುದಿಸಿದ್ರೂ ಊರಿನ ರುಚಿ ಬರಲಿಲ್ಲಂತ ಬ್ಯಾಸರ ಮಾಡ್ಕೊಂಡಿರ್ತಾರ. ನಮ್ಮನ್ಯಾಗ ಬೆಳಿಯೋ ಮಕ್ಳು ಮೂರು, ಒಂದು ಕೆಜಿ ತಂದ್ರ ಒಂದು ಹೊತ್ತಿಗೇ ಮುಗಿತೈತಿ, ಅದಕ್ಕ ನಾವು ಫಾರ್ಮಿಗೇ ಹೋಗಿ ಇಡೀ ಆಡು ಇಲ್ಲಾ ಮರಿ ತೊಗೊಂತೀವಿ, ಇನ್ನೊಂದು ಮನಿಯವ್ರ ಜೋಡಿ ಪಾಲು ಹಾಕ್ಕೊಂಡು.

ಮೊದ್ಲ ಭಾಷಾ ತಿಳ್ಕೊರ್ರಿ. ಇಲ್ಲಿ ಮಟನ್ ಅಂದ್ರ ವಯಸ್ಸಾದ ಕುರಿ. ಒಂದು ವರ್ಷದೊಳಗಿನ ಮರಿಗೆ ಲ್ಯಾಂಬ್, ಆಡಿಗೆ ಗೋಟ್. ಹಾಲು ಕುಡಿಯೋ ಎಳಿ ಆಡಿನ ಮರಿಗೆ ಮೆಕ್ಸಿಕನ್ ಮಂದಿ ಕಬ್ರಿಟೊ ಅಂತಾರ, ಅದು ಬಾಳ ಮೆತ್ತಗ, ಸಾರಿಗೆ ಗತ್ತು ಬರಂಗಿಲ್ಲ. ಕುರಿ ಬೇಕಂದ್ರ ಡಾರ್ಪರ್ ಇಲ್ಲಾ ಕಟಾಡಿನ್ ಕೇಳ್ರಿ, ಇವು ಉಣ್ಣಿ ಅಲ್ಲ, ಕೂದಲಿನ ತಳಿ, ನಮ್ಮ ಕೆಂಗುರಿ ಇದ್ದಂಗ, ಆ ಉಣ್ಣಿ ವಾಸನಿ ಕಮ್ಮಿ ಅನಸ್ತೈತಿ ನನಗ. ಆಡಿನ್ಯಾಗ ಬಿಳಿ ಮೈ ಕೆಂಪು ತಲಿ ಇರೋದು ಬೋಯರ್, ದಕ್ಷಿಣ ಆಫ್ರಿಕಾದ್ದು, ಖಂಡ ಜಾಸ್ತಿ.

ಅಮೆರಿಕಾದಾಗ ಕುರಿ, ಆಡು ಎರಡೂ ಹೆಚ್ಚು ಇರೋದು ಟೆಕ್ಸಾಸಿನ್ಯಾಗ. ಸ್ಯಾನ್ ಆಂಜೆಲೋದಾಗ ದೊಡ್ಡ ಹರಾಜು ನಡಿತೈತಿ, ನಮ್ಮ ಕೂಕನಪಳ್ಳಿ ಕುರಿ ಸಂತಿ ನೆನಪಾಗತೈತಿ. ಆದ್ರ ಹೊಸಬರು ಹರಾಜಿಗೆ ಹೋಗಬ್ಯಾಡ್ರಿ, ಯಾವ ಔಷಧ ಯಾವಾಗ ಹಾಕ್ಯಾರ ಅಂತ ಅಲ್ಲಿ ಹೇಳೋರು ಸಿಗಂಗಿಲ್ಲ. ಫಾರ್ಮಿನವ್ರಿಗೆ ಅದನ್ನ ನೇರ ಕೇಳ್ರಿ, ಹುಳದ ಔಷಧ ಇಲ್ಲಾ ಆಂಟಿಬಯೋಟಿಕ್ ಕೊಟ್ಟ ಮ್ಯಾಲ ಇಷ್ಟು ದಿನ ಕಡಿಬಾರ್ದು ಅಂತ ಲೆಕ್ಕ ಇರತೈತಿ, ಅದು ಮುಗದೈತೇನು ಅಂತ. ಚಲೋ ರೈತ ಬರದಿಟ್ಟಿದ್ದನ್ನ ತೋರಿಸ್ತಾನ.

ಪ್ರಾಣಿ ನೋಡೋದು ನಿಮಗ ಹೇಳಿಕೊಡಬೇಕಾಗಿಲ್ಲ, ಸಂತ್ಯಾಗ ಅಪ್ಪ ಬೆನ್ನ ಮ್ಯಾಲ ಕೈ ಆಡಿಸಿ ನೋಡತಿದ್ನಲ್ಲ, ಹಂಗ ನೋಡ್ರಿ. ಕೆಳಗಿನ ಕಣ್ಣರೆಪ್ಪಿ ಜಗ್ಗಿ ನೋಡ್ರಿ, ಕೆಂಪಗಿರಬೇಕು, ಬೆಳ್ಳಗಿದ್ರ ಹೊಟ್ಯಾಗಿನ ಹುಳ ರಕ್ತ ಹೀರ್ಯಾವ ಅಂತ ತಿಳ್ಕೊರ್ರಿ. ಹೋತ ಆದ್ರ ಬೀಜ ಒಡಿಸಿದ್ದು ಕೇಳ್ರಿ, ಇಲ್ಲಂದ್ರ ಚಳಿಗಾಲ ಹತ್ರ ಬಂದಂಗ ಗಬ್ಬು ವಾಸನಿ.

ಈಗ ಮುಖ್ಯ ವಿಷಯ. ಮೊದಲನೇ ಸಲ ನಾವು ರೊಕ್ಕ ಕೊಟ್ಟು ಬಂದ್ವಿ, ಏನೂ ಹೇಳಲಿಲ್ಲ, ವಾರ ಬಿಟ್ಟು ಹೋದ್ರ ತಲಿ, ಕಾಲು, ಬೋಟಿ, ಖಲೀಜ ಎಲ್ಲಾ ಕಸಕ್ಕ ಹೋಗಿತ್ತು. ಕಟ್ಟಿಕೊಟ್ಟಿದ್ದು ಚಾಪ್ಸ್ ಮತ್ತ ಒಂದು ದೊಡ್ಡ ತೊಡಿ. ಅವತ್ತು ನನಗ ಅಳು ಬಂದಿತ್ತು, ಅತ್ತಿಯವ್ರು ಊರಿಂದ ಬಂದಿದ್ರು, ಕಾಲಿನ ಸೂಪ್ ಮಾಡಿಕೊಡಬೇಕಂತ ಕಾಯಾಕತ್ತಿದ್ದೆ. ಅದಕ್ಕ ಕಡಿಯೋಕಿಂತ ಮೊದ್ಲ ಕಟ್ ಶೀಟ್, ಅಂದ್ರ ಹೆಂಗ ಕೊಯ್ಯಬೇಕು, ಏನೇನು ಬೇಕು ಅಂತ ಬರಸೋ ಚೀಟಿ, ತುಂಬೋವಾಗ ಎಲ್ಲಾ ಬರಸ್ರಿ: ಎಲುಬು ಸಮೇತ ಒಂದಿಂಚು ತುಣುಕು, ಎರಡು ಪೌಂಡಿನ ವ್ಯಾಕ್ಯೂಮ್ ಪ್ಯಾಕ್, ನಲ್ಲಿ ಎಲುಬು ಬ್ಯಾರೆ, ಒಂದಿಷ್ಟು ಖೀಮಾ, ತಲಿ ಕಾಲು ಬೋಟಿ ನಮಗ ಬೇಕು ಅಂತ. ತಲಿ ಸುಟ್ಟು ಕೊಡಂಗಿಲ್ಲ, ಚರ್ಮ ಸುಲದು ಕೊಡ್ತಾರ. ಪುಪ್ಪುಸ ಮಾತ್ರ ಕೇಳಬ್ಯಾಡ್ರಿ, 1971ರಿಂದ ಈ ದೇಶದಾಗ ತಿನ್ನಾಕ ಮಾರೋ ಹಂಗಿಲ್ಲ. ಮಷೀನ್ ಗರಗಸದಾಗ ಕೊಯ್ತಾರ, ಎಲುಬಿನ ಪುಡಿ ಇರತೈತಿ, ಎರಡು ನೀರಿನ್ಯಾಗ ತೊಳೀರಿ, ಸಣ್ಣ ಮಕ್ಕಳ ತಾಟಿಗೆ ಹಾಕೋಕಿಂತ ಮೊದ್ಲ ಬೆರಳಿಲೆ ಹಿಚಗಿ ನೋಡ್ರಿ.

ಕಾನೂನು ಒಂದು ಗೊತ್ತಿರಲಿ. ಯುಎಸ್‌ಡಿಎ, ಅಂದ್ರ ಇಲ್ಲಿನ ಕೃಷಿ ಇಲಾಖೆ, ತಪಾಸಣಿ ಮಾಡಿದ ಮಾಂಸಕ್ಕ ದುಂಡನ ಮುದ್ರಿ ಇರತೈತಿ, ಅದನ್ನ ಪೌಂಡ್ ಲೆಕ್ಕದಾಗ ಮಾರಬಹುದು. ಕಸ್ಟಮ್ ಕಟ್ಟಿಂಗ್‌ನ್ಯಾಗ, ಅಂದ್ರ ನಿಮ್ಮ ಪ್ರಾಣಿನ ನಿಮ್ಮ ಮನಿ ಊಟಕ್ಕಂತ ಕಡಿಸೋದ್ರಾಗ, ಆ ತಪಾಸಣಿ ಇರಂಗಿಲ್ಲ, ಹಂಗಾಗಿ ಕಡಿಯೋಕಿಂತ ಮೊದ್ಲ ಪ್ರಾಣಿ ನಿಮ್ಮ ಹೆಸರಿಗೆ ಆಗಿರಬೇಕು, ಪಾಲಿನವ್ರ ಹೆಸರೂ ಆವಾಗ್ಲೇ ಬರಸ್ರಿ. ಪ್ಯಾಕಿನ ಮ್ಯಾಲ "ನಾಟ್ ಫಾರ್ ಸೇಲ್" ಅಂತ ಒತ್ತಿರ್ತಾರ, ಮನಿಯವ್ರು, ಬಂದ ಬೀಗರು ಉಣ್ಣಬಹುದು, ಆದ್ರ ಮಿಕ್ಕಿದ್ದನ್ನ ಗೆಳೆಯಾಗ ಮಾರೋ ಹಂಗಿಲ್ಲ. ಹಲಾಲ್ ಬೇಕಾದವ್ರು ಮೊದ್ಲ ಫೋನ್ ಮಾಡಿ ಕೇಳ್ರಿ, ಮಾಡಿಕೊಡೋ ಕಡೆ ಅದಾವ.

ರೇಟು ಕೇಳೋವಾಗ ಲೈವ್ ವೇಟೋ (ಜೀವಂತ ಪ್ರಾಣಿ ತೂಕ) ಹ್ಯಾಂಗಿಂಗ್ ವೇಟೋ (ಕಡಿದು ಚರ್ಮ, ತಲಿ, ಬೋಟಿ ತೆಗದ ಮ್ಯಾಲಿನ ತೂಕ) ಅಂತ ಬಿಡಿಸಿ ಕೇಳ್ರಿ, ಕಡಿಯೋ ಕೂಲಿ ಬ್ಯಾರೆ. 80 ಪೌಂಡಿನ ಆಡು ಕಡಿದ್ರ ಹೆಚ್ಚುಕಮ್ಮಿ 40 ಪೌಂಡ್, ಅಂದ್ರ 18 ಕೆಜಿ ಆಸುಪಾಸು. ಬಕ್ರೀದ್, ಈಸ್ಟರ್ ಹತ್ರ ರೇಟು ಏರತೈತಿ, ಅದಕ್ಕಿಂತ ಮೊದ್ಲ ತೊಗೊರ್ರಿ.

ನಾಟಿ ಕೋಳಿ ನೆನಪಾದ್ರ ತತ್ತಿ ಇಟ್ಟು ಮುಗಿಸಿದ ಹಳೆ ಕೋಳಿ ಕೇಳ್ರಿ, ಸ್ಟ್ಯೂಯಿಂಗ್ ಹೆನ್ ಅಂತಾರ. ಕುಕ್ಕರಿನ್ಯಾಗ ಸೀಟಿ ಜಾಸ್ತಿ ಹೊಡಿಸಬೇಕು, ಸಾರು ಮಾತ್ರ ಅಗದಿ ಊರಿನ ರುಚಿ.

ಬಸುರಿ ಹೆಣ್ಮಕ್ಳಿಗೆ ಒಂದು ಮಾತು, ರಕ್ತ ಆಗ್ಲಿ ಅಂತ ಊರಾಗ ಖಲೀಜ ತಿನಸ್ತಾರ, ಆದ್ರ ಅದ್ರಾಗ ವಿಟಮಿನ್ ಎ ಬಾಳ, ಕೂಸಿಗೆ ಚಲೋ ಅಲ್ಲ, ಬ್ಯಾಡವ್ವ. ಖಂಡ ತಿನ್ನು, ಪೂರಾ ಬೇಯಿಸಿ ತಿನ್ನು.

ಐದು ಕ್ಯೂಬಿಕ್ ಫೂಟಿನ ಚೆಸ್ಟ್ ಫ್ರೀಜರ್ ಒಂದು ಸಂಸಾರಕ್ಕ ಧಾರಾಳ ಸಾಕು, ಸೊನ್ನಿ ಡಿಗ್ರಿ ಫ್ಯಾರನ್‌ಹೀಟಿಗೆ ಇಡ್ರಿ. 2021ರ ಫೆಬ್ರವರಿ ಹಿಮದಾಗ ಕರೆಂಟ್ ಹೋದಾಗ ನಮ್ಮದು ತುಂಬಿತ್ತು, ಮುಚ್ಚಳ ತೆಗೀಲಿಲ್ಲ, ಉಳೀತು. ತುಂಬಿದ ಫ್ರೀಜರ್ ಮುಚ್ಚೇ ಇಟ್ರ 48 ತಾಸು ತಡಿತೈತಿ, ಅರ್ಧ ಇದ್ರ 24. ಮತ್ತ ಮಾಂಸ ತರಾಕ ಹೋಗೋವಾಗ ಕೂಲರ್, ಐಸ್ ಮರೀಬ್ಯಾಡ್ರಿ, ಇಲ್ಲಿ ಆಗಸ್ಟ್ ಅಂದ್ರ ರಾಯಚೂರಿನ ಮೇ ತಿಂಗಳ ಬಿಸಲು.